ಕಣ್ಣು ಕಾಣದ ತಾತನಿಗೆ ಬೆಳಗಾದದ್ದು ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ನಮ್ಮ ತಾತನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ. ಈಗ ಏನೂ ಕಾಣಿಸುವುದಿಲ್ಲ. ಆದರೂ ನಿದ್ದೆ, ಎಚ್ಚರ ಎಲ್ಲಾ ಹೊತ್ತಿಗೆ ಸರಿಯಾಗಿ. ಕುರುಡು ಇಲಿಗಳಿಗೂ ಬೆಳಕು ಗೊತ್ತಾಗುತ್ತದೆ ಎಂದು ಓದಿದೆ. ನಿಜವೇ? ಇಲ್ಲಾ, ತಾತ ಹಾಲಿನವನ ಬೆಲ್ ಕೇಳಿ ಏಳುತ್ತಾರಾ?
– ಓದುಗರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಹಾಲಿನವನ ಪಾಲೂ ಸ್ವಲ್ಪ ಇರಬಹುದು. ಆದರೆ ಲ್ಯಾಬಿನ ಇಲಿಗಳಿಗೆ ಹಾಲಿನವನೂ ಇಲ್ಲ, ಸುಪ್ರಭಾತವೂ ಇಲ್ಲ. ಅಲ್ಲಿಂದಲೇ ಶುರು ಮಾಡೋಣ.

ಇಲಿಯ ಓಡಾಟವೆಲ್ಲ ರಾತ್ರಿ. ಪಂಜರದಲ್ಲಿ ಚಕ್ರ ಇಟ್ಟರೆ, ಲೈಟ್ ಆರಿದ ಮೇಲೆ ಹತ್ತಿ ಓಡುತ್ತದೆ. ದಿನವಿಡೀ ಕತ್ತಲಲ್ಲಿಟ್ಟರೂ ಒಳಗಿನ ಗಡಿಯಾರ ನೋಡಿಕೊಂಡು ಹೆಚ್ಚುಕಮ್ಮಿ ಅದೇ ಹೊತ್ತಿಗೆ ಹತ್ತುತ್ತದೆ. ಓಟ ಶುರುವಾದ ಸ್ವಲ್ಪ ಹೊತ್ತಿಗೆ ಕೆಲವು ನಿಮಿಷ ಬೆಳಕು ಬಿಡಿ. ಮರುದಿನ ಓಟ ತಡ! ‘ಇನ್ನೂ ಸಂಜೆಯೇ ಆಗಿಲ್ಲ’ ಎಂದು ಗಡಿಯಾರ ಹಿಂದೆ ಸರಿದಿರುತ್ತದೆ.

ನಾವು ನೋಡುವುದು ಕಣ್ಣಿನ ರಾಡ್ ಮತ್ತು ಕೋನ್ ಎಂಬ ಜೀವಕೋಶಗಳಿಂದ. ಇವೆರಡೂ ಇಲ್ಲದ ಇಲಿಗಳ ಮೇಲೆ ರಸೆಲ್ ಫಾಸ್ಟರ್ ಅವರ ತಂಡ ಲಂಡನ್ನಿನಲ್ಲಿ ಇಂಥದ್ದೇ ಪರೀಕ್ಷೆ ನಡೆಸಿ, 1999ರಲ್ಲಿ ಫಲಿತಾಂಶ ಪ್ರಕಟಿಸಿತು. ಅವುಗಳ ಗಡಿಯಾರವೂ ಹಿಂದೆ ಸರಿಯಿತು. ಕಣ್ಣುಗಳನ್ನೇ ತೆಗೆದ ಇಲಿಗಳಲ್ಲಿ ಮಾತ್ರ ಏನೂ ಆಗಲಿಲ್ಲ. ಅಂದರೆ ಬೆಳಕು ಹಿಡಿಯುವ ಇನ್ನೇನೋ ಕಣ್ಣೊಳಗೇ ಇದೆ, ಅಲ್ವಾ?

ಅದರ ಸುಳಿವು ಸಿಕ್ಕಿದ್ದು ಕಪ್ಪೆಯ ಚರ್ಮದಲ್ಲಿ, 1998ರಲ್ಲಿ. ಇಗ್ನೇಶಿಯೊ ಪ್ರೊವೆನ್ಸಿಯೊ ಮತ್ತು ಜೊತೆಗಾರರು ಅಲ್ಲಿ ಬೆಳಕಿಗೆ ಸ್ಪಂದಿಸುವ ಮೆಲನಾಪ್ಸಿನ್ ಎಂಬ ಪ್ರೋಟೀನ್ ಕಂಡರು. ಆಮೇಲೆ ಅದು ಮನುಷ್ಯರ ಕಣ್ಣಿನ ಒಳಪರದೆಯಾದ ರೆಟಿನಾದಲ್ಲೂ ಸಿಕ್ಕಿತು. ಮೆದುಳಿಗೆ ಸುದ್ದಿ ಕಳಿಸುವ ಗ್ಯಾಂಗ್ಲಿಯನ್ ಕೋಶಗಳಲ್ಲಿ ಕೆಲವಕ್ಕೆ ಮಾತ್ರ ಈ ಪ್ರೋಟೀನ್ ಇದೆ. ಅವು ಸುಮ್ನೆ ಟಪಾಲು ಸಾಗಿಸುವುದಿಲ್ಲ, ತಾವೇ ಬೆಳಕು ಹಿಡಿಯುತ್ತವೆ ಎಂದು 2002ರಲ್ಲಿ ಖಚಿತವಾಯಿತು. ನೀಲಿ ಬೆಳಕು ಇವಕ್ಕೆ ಜಾಸ್ತಿ ತಟ್ಟುತ್ತದೆ. ಸುದ್ದಿ ನೇರ ಹೋಗುವುದು ಮೆದುಳಿನ ತಳದಲ್ಲಿರುವ, ಸುಮಾರು 20,000 ನರಕೋಶಗಳ ಗಡಿಯಾರಕ್ಕೆ.

ಈಗ ತಾತನ ವಿಷಯ. ಅವರ ಕಾಯಿಲೆ ಮುಖ್ಯವಾಗಿ ಹಾಳು ಮಾಡುವುದು ರಾಡ್, ಕೋನ್‌ಗಳನ್ನು. ಗ್ಯಾಂಗ್ಲಿಯನ್ ಕೋಶಗಳು ಎಷ್ಟೋ ಉಳಿದಿರಬಹುದು. ಗ್ಲಾಕೋಮಾ ಎಂಬ ಇನ್ನೊಂದು ಕಣ್ಣಿನ ಕಾಯಿಲೆಯಲ್ಲಿ ಹೊಡೆತ ಬೀಳುವುದೇ ಇವುಗಳಿಗೆ. ಹಾಗಾಗಿ ಕಣ್ಣು ಕಾಣದವರೆಲ್ಲರ ನಿದ್ದೆ ಒಂದೇ ಥರ ಇರುವುದಿಲ್ಲ. ನಮ್ಮ ಗಡಿಯಾರ ಸಾಮಾನ್ಯವಾಗಿ 24 ಗಂಟೆಗಿಂತ ಸ್ವಲ್ಪ ನಿಧಾನ. ಬೆಳಕು ಒಂಚೂರೂ ತಲುಪದವರಲ್ಲಿ ಅನೇಕರಿಗೆ ನಿದ್ದೆ ದಿನದಿನಕ್ಕೆ ತಡವಾಗುತ್ತಾ ಹೋಗಿ, ಕೆಲವು ವಾರಗಳಲ್ಲಿ ಹಗಲಿಗೇ ಬಂದುಬಿಡುತ್ತದೆ.

‘ಅವರಿಗೆ ಕಾಣಲ್ಲವಲ್ಲ’ ಎಂದು ತಾತನ ರೂಮಿನ ಕಿಟಕಿ ಮುಚ್ಚಿಡಬೇಡಿ. ಬೆಳಿಗ್ಗೆ ಕಾಫಿ ಬಾಲ್ಕನಿಯಲ್ಲೇ ಕೊಡಿ. ನಮ್ಮೂರಿನ ಮೋಡದ ಬೆಳಗಾದರೂ ಹೊರಗಿನ ಬೆಳಕು ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜೋರು. ಮುಂದೆ ನಿದ್ದೆ ಹಗಲಿಗೆ ಜಾರತೊಡಗಿದರೆ ಡಾಕ್ಟರಿಗೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ.