ಸೊಂಟ ನೋವನ್ನು ಮುಚ್ಚಿಟ್ಟಿದ್ದ ಸಿಸ್ಟರ್

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಖಾಸಗಿ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ಹನ್ನೊಂದು ವರ್ಷ ದುಡಿದಿದ್ದ, ಮೂವತ್ತರ ಕೊನೆಯಲ್ಲಿದ್ದ ಸ್ಟಾಫ್ ನರ್ಸ್ ಒಬ್ಬರು ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದದ್ದು ನಿದ್ದೆ ಬರುವುದಿಲ್ಲ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಎಂದು ಹೇಳಿಕೊಳ್ಳಲು. ಹೊರಡುವಾಗ ಅವರು ಅಂಗೈಗಳನ್ನು ತೊಡೆಗೆ ಊರಿ, ಉಸಿರು ಹಿಡಿದು, ಎರಡು ಹಂತದಲ್ಲಿ ಎದ್ದುನಿಂತದ್ದನ್ನು ಕಂಡು ಕೇಳಿದೆ. ನಾಲ್ಕು ತಿಂಗಳ ಸೊಂಟ ನೋವಿನ ಕಥೆ ಆಗ ಹೊರಬಂತು.

"ಹೇಳಿದರೆ 'ನಾವೇನು ರೋಗಿಗಳನ್ನು ಎತ್ತಿಲ್ಲವೇ' ಅನ್ನುತ್ತಾರೆ ಮೇಡಂ" ಎಂದರು. ರಾತ್ರಿ ಪಾಳಿಯಲ್ಲಿ ಎರಡು ವಾರ್ಡುಗಳಿಗೆ ಇರುವುದು ಒಬ್ಬರೇ ಆಯಾ. ಅವರಿಗಾಗಿ ಕಾಯುವ ಬದಲು ರೋಗಿಯ ಕಂಕುಳಿಗೆ ಕೈಕೊಟ್ಟು ಒಬ್ಬರೇ ಮೇಲಕ್ಕೆ ಎಳೆಯುವುದು ಇವರಿಗೆ ರೂಢಿಯಾಗಿತ್ತು.

ನಾನು ವೈದ್ಯೆಯಲ್ಲವಾದ್ದರಿಂದ ಮೊದಲು ತಪಾಸಣೆಗೆ ಕಳಿಸಿದೆ. ಕಾಲಿನ ಬಲ ಕುಗ್ಗುವುದು, ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು, ತೊಡೆಸಂದು ಮರಗಟ್ಟುವುದು ಕಂಡರೆ ತಡಮಾಡದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕೆಂದೂ ತಿಳಿಸಿದೆ. ಅಂಥದ್ದೇನೂ ಇರಲಿಲ್ಲ. ವೈದ್ಯರು ಸ್ಕ್ಯಾನ್ ಬೇಡವೆಂದು ಫಿಸಿಯೋಥೆರಪಿಗೆ ಬರೆದು, ಹಾಸಿಗೆ ಹಿಡಿದು ಮಲಗದೆ ಓಡಾಡಿಕೊಂಡಿರಲು ಸೂಚಿಸಿದರು.

ದುಡಿಯುವವರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆಯ ಲೆಕ್ಕದಂತೆ, ಎಲ್ಲ ಅನುಕೂಲಗಳಿದ್ದರೂ ಒಬ್ಬರು ಬರಿಗೈಯಲ್ಲಿ ಹೊರಬಹುದಾದ ರೋಗಿಯ ಭಾರ ಸುಮಾರು 16 ಕಿಲೋ ಎಂದಾಗ ಅವರು ನಕ್ಕುಬಿಟ್ಟರು: "ನನ್ನ ಮಗನೇ 22 ಕಿಲೋ ಇದ್ದಾನೆ." ತನ್ನ ಮೈಯೇ ದುರ್ಬಲ ಎಂಬ ನಾಚಿಕೆ ಸಡಿಲಗೊಂಡದ್ದು ಆ ನಗುವಿನಲ್ಲಿ. ಮೊಣಕಾಲು ಮಡಚಿ ಎತ್ತಿ ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಮಂಚಕ್ಕೆ ಅಡ್ಡಲಾಗಿ ಬಗ್ಗಿದವರಿಗೆ ಆ ಪಾಠದಿಂದ ಹೆಚ್ಚು ಉಪಯೋಗವಿಲ್ಲ ಎಂಬುದು ನನ್ನ ಅನಿಸಿಕೆ.

ಆದ್ದರಿಂದ ಎತ್ತುವುದನ್ನೇ ಕಡಿಮೆ ಮಾಡುವ ದಾರಿಗಳನ್ನು ಫಿಸಿಯೋಥೆರಪಿಸ್ಟರ ಜೊತೆ ಕೂತು ಹುಡುಕಿದೆವು. ಭಾರದ ರೋಗಿಗಳ ಮಗ್ಗುಲು ಬದಲಿಸುವುದನ್ನೆಲ್ಲ ಆಯಾ ಬರುವ ಹೊತ್ತಿಗೆ ಹೊಂದಿಸಿ, ಇಬ್ಬರೂ ಆಚೀಚೆ ನಿಂತು ರೋಗಿಯ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆ, ಅಂದರೆ ಡ್ರಾ ಶೀಟ್ ಹಿಡಿದು ಸರಿಸುವುದು; ಸಾಧ್ಯವಿರುವ ರೋಗಿಗೆ ಒಳ್ಳೆಯ ಕಾಲನ್ನು ಮಡಚಿ ಒತ್ತಲು ಹೇಳುವುದು; ಎತ್ತರ ಬದಲಾಗದ ಮಂಚದ ಬಳಿ ಡ್ರೆಸ್ಸಿಂಗ್ ಮಾಡುವಾಗ, ರೋಗಿ ಹತ್ತಲು ಇಟ್ಟ ಫುಟ್‌ಸ್ಟೆಪ್ ಮೇಲೆ ತಮ್ಮ ಒಂದು ಪಾದ ಇಡುವುದು. ಇವೆಲ್ಲಕ್ಕಿಂತ ಕಷ್ಟವಾದದ್ದು ಒಂದು ವಾಕ್ಯ: "ಆರನೇ ಬೆಡ್‌ಗೆ ಇಬ್ಬರು ಬೇಕು, ಆಯಾ ಬರುವವರೆಗೆ ಕಾಯುತ್ತೇನೆ." ನನ್ನೆದುರು ಅಭ್ಯಾಸ ಮಾಡುವಾಗ ಮೂರು ಸಲವೂ "ಸಾರಿ ಸಿಸ್ಟರ್" ಎಂದೇ ಶುರುಮಾಡಿದರು.

ಆರು ವಾರಗಳ ನಂತರ ನೋವು ತಗ್ಗಿದೆ, ಪೂರ್ತಿ ಹೋಗಿಲ್ಲ, ನಿದ್ದೆ ಬರುತ್ತಿದೆ. ರಾತ್ರಿಗೆ ಇನ್ನೊಬ್ಬ ಆಯಾ ಬೇಕೆಂದು ಅವರು ಬರೆದ ಪತ್ರಕ್ಕೆ ಆಡಳಿತದಿಂದ ಉತ್ತರ ಬಂದಿಲ್ಲ. ಪತ್ರದ ಪ್ರತಿಯನ್ನು ಸೀಲು ಹಾಕಿಸಿ ತೆಗೆದಿಟ್ಟುಕೊಳ್ಳಲು ಹೇಳಿದ್ದೇನೆ.