ಹೊಸ ಕಾಂಕ್ರೀಟ್ ಕಣ ಚಳಿಗೆ ಬೆಳ್ಳಗಾಗುವುದೇಕೆ?

ನವೆಂಬರ್‌ನಲ್ಲಿ ಹಾಕಿಸಿದ, ಕಾಫಿ ಒಣಗಿಸುವ ಕಣ ಡಿಸೆಂಬರ್‌ಗೆ ಬೆಳ್ಳಗಾಗಿದೆ, ತೊಳೆದರೆ ಹೋಗುತ್ತೆ, ಒಣಗಿದರೆ ಮತ್ತೆ ಬರುತ್ತೆ, ಮರಳಿನಲ್ಲಿ ಉಪ್ಪಿತ್ತು ಅಂತ ಮೇಸ್ತ್ರಿ ಹೇಳ್ತಾನೆ ಎಂದು ಕೇಳಿದ್ದೀರಿ. ಮರಳನ್ನು ದೂರುವ ಮೊದಲು ಸಿಮೆಂಟನ್ನೇ ನೋಡಿ.

ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಹೊರಬೀಳುತ್ತದೆ. ಅದು ಒಳಗಿನ ತೇವದಲ್ಲಿ ಕರಗಿ ಮೇಲಕ್ಕೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೋಕಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಸುಣ್ಣದ ತಿಳಿಗೆ ಕೊಳವೆಯಿಂದ ಊದಿದರೆ ಹಾಲಾಗುತ್ತದಲ್ಲ, ಅದೇ ಇದು. ಬೇಸಿಗೆಯಲ್ಲಿ ನೀರು ರಂಧ್ರಗಳ ಒಳಗೇ ಆವಿಯಾಗಿ ಸುಣ್ಣ ಅಲ್ಲೇ ಉಳಿಯುತ್ತದೆ. ಚಳಿಗೆ, ಅದರಲ್ಲೂ ಮಲೆನಾಡಿನ ಮಂಜಿಗೆ, ಒಣಗುವುದು ನಿಧಾನ. ನೀರು ಸುಣ್ಣ ಹೊತ್ತು ಮೇಲ್ಮೈವರೆಗೂ ಬಂದು, ಅಲ್ಲಿ ಒಣಗುತ್ತದೆ. ಜೊತೆಗೆ ಸುಣ್ಣ ಸಕ್ಕರೆಗೆ ತದ್ವಿರುದ್ಧ, ತಣ್ಣೀರಿನಲ್ಲೇ ಹೆಚ್ಚು ಕರಗುವುದು: 0 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 1.9 ಗ್ರಾಂ, ಕುದಿಯುವ ನೀರಿನಲ್ಲಿ 0.7. ನಮ್ಮ ಚಳಿಗೆ ಈ ವ್ಯತ್ಯಾಸ ಸಣ್ಣದು. ನಿಧಾನವಾಗಿ ಒಣಗುವುದೇ ಮುಖ್ಯ ಕಾರಣ.

ಸುಣ್ಣವೋ ಉಪ್ಪೋ ತಿಳಿಯಲು ಬಿಳಿ ಪುಡಿಯನ್ನು ಚಮಚಕ್ಕೆ ಕೆರೆದು ಅದರ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಸುಣ್ಣ. ಕಣದ ಮೇಲೇ ಹಿಂಡಿದರೆ ಲೆಕ್ಕವಿಲ್ಲ, ಕಾಂಕ್ರೀಟೂ ನೊರೆಯಾಡುತ್ತದೆ. ಪುಡಿ ಬರೀ ನೀರಿಗೇ ಕರಗಿ ಮಾಯವಾದರೆ ಮೇಸ್ತ್ರಿ ಹೇಳಿದ್ದು ಸರಿ, ಮರಳಿನ ಅಥವಾ ಬೋರ್ ನೀರಿನ ಉಪ್ಪು.

ಸುಣ್ಣವಾದರೆ, ತೊಳೆದಾಗ ಅದು ಹೋಗಿರುವುದಿಲ್ಲ. ಒದ್ದೆ ಪದರದಡಿ ಬಿಳುಪು ಕಾಣುವುದಿಲ್ಲ, ಅಷ್ಟೇ. ಮೇಲಾಗಿ ನೀವು ಹಾಕಿದ ನೀರು ಒಳಗಿಳಿದು ಇನ್ನಷ್ಟು ಸುಣ್ಣ ತರುತ್ತದೆ. ಹಾಗಾಗಿ ಬಿಸಿಲೇರಿದ ಮೇಲೆ ಒಣ ಗಟ್ಟಿ ಬ್ರಷ್‌ನಿಂದ ತಿಕ್ಕಿ, ಗುಡಿಸಿ ತೆಗೆಯಿರಿ. ವಾರ ಬಿಟ್ಟು ಮತ್ತೊಮ್ಮೆ. ಮುಂದಿನ ಬಾರಿ ಬಿಳುಪಿಗೆ ಹೆದರಿ ಕ್ಯೂರಿಂಗ್ (ಹೊಸ ಕಾಂಕ್ರೀಟನ್ನು ಒದ್ದೆಯಾಗಿಡುವುದು) ಮಾತ್ರ ಕಡಿಮೆ ಮಾಡಬೇಡಿ: ಪಿಪಿಸಿ (ಹಾರುಬೂದಿಯಂಥವು ಬೆರೆತ) ಸಿಮೆಂಟಿಗೆ 10 ದಿನ ಬೇಕೇಬೇಕು. ನೀರು ಕಡಿಮೆ ಮಾಡಬೇಕಾದದ್ದು ಕಲಸುವಾಗ, 50 ಕೆಜಿ ಚೀಲಕ್ಕೆ 25 ಲೀಟರ್ ಒಳಗೆ, ಒದ್ದೆ ಮರಳಿನ ನೀರೂ ಸೇರಿ.

ಆಸಿಡ್? ಕಾಫಿ ಹರಡುವ ಕಣಕ್ಕೆ ನಾನು ಬೇಡ ಎನ್ನುತ್ತೇನೆ. ಮಾಡಲೇಬೇಕಿದ್ದರೆ ಮೊದಲು ಕಣ ಒದ್ದೆ ಮಾಡಿ, 20 ಪಾಲು ನೀರಿಗೆ 1 ಪಾಲು ಮುರಿಯಾಟಿಕ್, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್ (ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ), ಕೈಗವಸು, ಕನ್ನಡಕ ಹಾಕಿಕೊಂಡು ತಿಕ್ಕಿ, ಮೂರು ಸಲ ತೊಳೆಯಿರಿ. ಒಳಗೆ ತೇವವಿರುವಾಗ ಸೀಲರ್ (ನೀರು ಇಳಿಯದಂತೆ ಮೇಲೆ ಹಚ್ಚುವ ಲೇಪ) ಬಳಿದರೆ ಬಿಳುಪು ಅದರಡಿ ಸಿಕ್ಕಿಕೊಳ್ಳುತ್ತದೆ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪ್ ಹಚ್ಚಿ ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕಟ್ಟಿದರೆ ಸೀಲರ್‌ಗೆ ಕಾಲ ಬಂದಿಲ್ಲ.

ಉಳಿದ ತೆಳು ಬಿಳುಪನ್ನು ಒಂದೆರಡು ಮಳೆಗಾಲ ಕರಗಿಸುತ್ತದೆ. ಆದರೆ ಬೆರಳಿಗೆ ಹತ್ತುವುದು ಬೂದು ಪುಡಿಯಾಗಿದ್ದು, ತಿಕ್ಕಿದಷ್ಟೂ ಬರುತ್ತಿದ್ದರೆ ಅದು ಸುಣ್ಣವಲ್ಲ. ನೀರು ಹೆಚ್ಚಾಗಿ ಮೇಲ್ಪದರವೇ ಸೋತಿದೆ, ಅದಕ್ಕೆ ಮೇಲ್ಮೈ ಗಟ್ಟಿ ಮಾಡುವ ಸಿಲಿಕೇಟ್ ಹಾರ್ಡನರ್ ದ್ರವ ಬೇಕು.