ಒಂದು ಮೊಲೆಗೆ ಟ್ಯೂಬ್ ಹಾಕಿದರೆ ಉಳಿದ ಮೂರರ ಹಾಲು ಡೇರಿಗೆ ಹಾಕಬಹುದೇ?

ನಿಮ್ಮ ಪ್ರಶ್ನೆ: ಕೆಚ್ಚಲು ಬಾವಿಗೆ ಹಸುವಿನ ಒಂದೇ ಮೊಲೆಗೆ ಟ್ಯೂಬ್ (ಮೊಲೆಯ ತೂತಿನಿಂದ ಏರಿಸುವ ಆಂಟಿಬಯೋಟಿಕ್ ಔಷಧಿ) ಹಾಕಿಸಿದ್ದೀರಿ, ಉಳಿದ ಮೂರು ಮೊಲೆಗಳ ಹಾಲನ್ನು ಡೇರಿಗೆ ಹಾಕಬಹುದೇ, ಮನೆಯಲ್ಲಿ ಕಾಯಿಸಿ ಕುಡಿಯಬಹುದೇ?

ಎರಡೂ ಬೇಡ. ಒಂದು ಮೊಲೆಗೆ ಏರಿಸಿದ ಔಷಧಿ ಅಲ್ಲೇ ಕೂರುವುದಿಲ್ಲ. ಒಂದಿಷ್ಟು ರಕ್ತಕ್ಕೆ ಸೇರಿ, ರಕ್ತದಿಂದ ಉಳಿದ ಮೊಲೆಗಳ ಹಾಲಿಗೂ ಇಳಿಯುತ್ತದೆ. ಅಲ್ಲಿ ಪ್ರಮಾಣ ಕಡಿಮೆಯೇ, ಆದರೆ ಹಾಲಿನಲ್ಲಿ ಔಷಧಿ ಇರಬಹುದಾದ ಮಿತಿಯೂ ತೀರಾ ಬಿಗಿ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪಟ್ಟಿಯಲ್ಲಿ, ಇಂಥ ಟ್ಯೂಬುಗಳಲ್ಲಿ ಬಳಸುವ ಪೆನಿಸಿಲಿನ್‌ಗೆ ಕೆ.ಜಿ. ಹಾಲಿಗೆ 4 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ 1 ಮಿಲಿಗ್ರಾಂ (1000 ಮೈಕ್ರೋಗ್ರಾಂ) ಔಷಧಿ 250 ಕೆ.ಜಿ. ಹಾಲನ್ನು ಮಿತಿಯಂಚಿಗೆ ತರುತ್ತದೆ. ಟ್ಯೂಬಿನಲ್ಲಿರುವುದು ನೂರಾರು ಮಿಲಿಗ್ರಾಂ. ಊರಿನ ಹಾಲೆಲ್ಲ ಸೇರುವ ಕೂಲರ್‌ನಲ್ಲಿ ನಮ್ಮ ಎರಡು ಲೀಟರ್ ಯಾವ ಲೆಕ್ಕ ಅನ್ನುವವರು ಈ ಗುಣಾಕಾರ ಮಾಡಿ ನೋಡಲಿ.

ಕಾಯಿಸಿದರೆ ಹಾಲಿನ ಕ್ರಿಮಿ ಸಾಯುತ್ತದೆ, ಪೆನಿಸಿಲಿನ್ ಬಹುಪಾಲು ಹಾಗೇ ಉಳಿಯುತ್ತದೆ. ಅಲರ್ಜಿ ಇರುವವರಿಗೆ ತೊಂದರೆಯಾಗಲು ಅಷ್ಟೇ ಸಾಕು. ಹೆಪ್ಪು ಹಾಕಿದ ಹಾಲು ಮೊಸರಾಗದೆ ಉಳಿದರೆ ಔಷಧಿಯ ಅನುಮಾನ ಸರಿ. ಆದರೆ ಮೊಸರಾಯಿತು ಅಂದಮಾತ್ರಕ್ಕೆ ಹಾಲು ಶುದ್ಧ ಅನ್ನುವಂತಿಲ್ಲ.

ಎಷ್ಟು ದಿನ? ಟ್ಯೂಬಿನ ಡಬ್ಬಿಯ ಮೇಲೆ ಅವಧಿ ಬರೆದಿದ್ದರೆ ಅದು. ಬರೆಯದಿದ್ದರೆ ಭಾರತದ ಔಷಧ ನಿಯಮದ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಎಣಿಸಬೇಕಾದ್ದು ಕೊನೆಯ ಡೋಸ್ ಆದಮೇಲೆ. ಹೆಚ್ಚಿನವರು ಎಡವುವುದು ಇಲ್ಲೇ: ಸೋಮವಾರ ಶುರುವಾಗಿ ಬುಧವಾರ ಮುಗಿದ ಚಿಕಿತ್ಸೆಗೆ ಸೋಮವಾರದಿಂದ ಲೆಕ್ಕ ಹಿಡಿಯುತ್ತಾರೆ. ಡಬ್ಬಿಯ ಅವಧಿ ಅದರಲ್ಲೇ ಹೇಳಿದ ಡೋಸಿಗೆ ಮಾತ್ರ. ವೈದ್ಯರು ಡೋಸ್ ಹೆಚ್ಚಿಸಿದ್ದರೆ, ಜೊತೆಗೆ ಇಂಜೆಕ್ಷನ್ ಕೊಟ್ಟಿದ್ದರೆ ಅವರನ್ನೇ ಕೇಳಿ ದಿನ ಕೂಡಿಸಿ. ಪೆನಿಸಿಲಿನ್ ಹೆಚ್ಚಾಗಿ ಮೂತ್ರದಲ್ಲಿ ಹಾಗೇ ಹೊರಹೋಗುತ್ತದೆ. ಎನ್ರೋಫ್ಲಾಕ್ಸಾಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಹಾಗಲ್ಲ, ಹಸುವಿನ ದೇಹದಲ್ಲಿ ಅದರ ಒಂದು ಪಾಲು ಸಿಪ್ರೋಫ್ಲಾಕ್ಸಾಸಿನ್ ಆಗುತ್ತದೆ, ಅದೂ ಕೆಲಸ ಮಾಡುವ ಔಷಧಿಯೇ. ಮೇವು ಬಿಟ್ಟು, ಹಾಲು ಇಳಿದ ಹಸುವಿನಲ್ಲಿ ಔಷಧಿ ಹೊರಬೀಳಲು ಇನ್ನೂ ತಡವಾಗಬಹುದು.

ಗಬ್ಬದ ಹಸುವಿನ ಹಾಲು ಬತ್ತಿಸುವಾಗ ಹಾಕುವ ಟ್ಯೂಬೇ ಬೇರೆ. ಅದು ವಾರಗಟ್ಟಲೆ ಕೆಚ್ಚಲಲ್ಲಿ ನಿಲ್ಲಲೆಂದೇ ಮಾಡಿದ್ದು. ಮನೆಯಲ್ಲಿ ಉಳಿದಿದೆ ಎಂದು ಕರೆಯುವ ಹಸುವಿಗೆ ಹಾಕಿದರೆ 7 ದಿನದ ಲೆಕ್ಕವೆಲ್ಲ ನೀರುಪಾಲು.

ಚಿಕಿತ್ಸೆಯಲ್ಲಿರುವ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿ, ಮನೆಯಲ್ಲಿ ಬೇರೆಯವರು ಕರೆಯಲು ಕೂತಾಗ ಮರೆಯುವುದಿಲ್ಲ. ಅವಳನ್ನು ಕೊನೆಗೆ ಕರೆಯಿರಿ, ಬಕೆಟ್ ಬೇರೆ ಇರಲಿ. ಆ ಹಾಲನ್ನು ಕರುವಿಗೂ ಕುಡಿಸಬೇಡಿ, ಅದರ ಕರುಳಲ್ಲಿ ಔಷಧಿಗೆ ಬಗ್ಗದ ಕ್ರಿಮಿ ಬೆಳೆಯಬಹುದು. ಆದರೆ ಬಾವು ಬಂದ ಮೊಲೆಯನ್ನು ಕರೆಯದೆ ಬಿಡಬೇಡಿ. ಪೂರ್ತಿ ಕರೆದು, ದನ ನೀರು ಕುಡಿಯುವ ಕಡೆಯಿಂದ ದೂರ ಗುಂಡಿಗೆ ಸುರಿದು ಮಣ್ಣು ಮುಚ್ಚಿ.